ಖಂಡಿಸಿ, ಆದರೆ ಹಳೆಯ ಅರ್ಥದಲ್ಲಿ

ಒಬ್ಬ ಮಂತ್ರಿಯ ಮೇಲೆ ಲಂಚದ ಆರೋಪ ಬರುತ್ತದೆ ಎಂದುಕೊಳ್ಳಿ. ಸಂಜೆ ಅವರು ಮೈಕುಗಳ ಮುಂದೆ ನಿಂತು, ‘ಇದೆಲ್ಲ ಸುಳ್ಳು, ರಾಜಕೀಯ ಪ್ರೇರಿತ’ ಎಂದು ಹೇಳಿ ಕಾರು ಹತ್ತುತ್ತಾರೆ. ಮರುದಿನ ಇಂಗ್ಲಿಷ್ ಪತ್ರಿಕೆಯ ತಲೆಬರಹದಲ್ಲಿ ಮಂತ್ರಿಗಳು ಆರೋಪವನ್ನು ‘ರೆಫ್ಯೂಟ್’ ಮಾಡಿದರು ಎಂದು ಇರುತ್ತದೆ. ಅವರು ಯಾವ ದಾಖಲೆ ತೋರಿಸಿದರು? ಯಾವ ಲೆಕ್ಕ ಕೊಟ್ಟರು? ಏನೂ ಇಲ್ಲ. ಅವರು ಮಾಡಿದ್ದು ‘ಇಲ್ಲ’ ಎನ್ನುವ ಒಂದೇ ಕೆಲಸ. ಆದರೆ ಆ ಒಂದು ಕ್ರಿಯಾಪದ ಮೊಕದ್ದಮೆಯನ್ನೇ ಅವರ ಪರವಾಗಿ ತೀರ್ಮಾನಿಸಿಬಿಟ್ಟಿತು. ಏಕೆಂದರೆ ಇಂಗ್ಲಿಷಿನಲ್ಲಿ ‘ರೆಫ್ಯೂಟ್’ ಎಂದರೆ, ಕಟ್ಟುನಿಟ್ಟಾಗಿ ಹೇಳುವುದಾದರೆ, ಎದುರಿನವರ ಮಾತು ತಪ್ಪೆಂದು ಆಧಾರ ಸಮೇತ ತೋರಿಸಿಕೊಡುವುದು. ಬರೀ ‘ಇಲ್ಲ’ ಎನ್ನುವುದಕ್ಕೆ ಅವರಲ್ಲಿ ‘ಡಿನೈ’ ಎಂಬ ಬೇರೆ ಪದವೇ ಇದೆ.

ಇದು ಇಂಗ್ಲಿಷಿನವರ ಮನೆಜಗಳ, ನಮಗೇನು ಎಂದು ನೀವು ಕೇಳಬಹುದು. ನಾನು ಕನ್ನಡ ಸಾಹಿತ್ಯದ ಸಂಶೋಧನಾ ವಿದ್ಯಾರ್ಥಿ. ಬೇರೆಯವರ ವ್ಯಾಕರಣ ತಿದ್ದುವ ಉಮೇದು ನನಗಿಲ್ಲ. ಆದರೆ ಇದೇ ಜಗಳ ಕನ್ನಡದಲ್ಲೂ ಆಗಬೇಕಿತ್ತು, ಆಗಲಿಲ್ಲ. ನಮ್ಮಲ್ಲಿ ಆ ಪದ ಸದ್ದಿಲ್ಲದೆ ಸೋತುಹೋಗಿದೆ. ಸೋತ ಪದ ಯಾವುದು, ಅದರ ಜೊತೆ ನಾವು ಕಳೆದುಕೊಂಡದ್ದೇನು ಎಂದು ಹೇಳುವುದಕ್ಕೇ ಈ ಬರಹ. ಮೊದಲು ಇಂಗ್ಲಿಷಿನ ಕತೆಯನ್ನು ನೋಡಿಬಿಡೋಣ.

‘ರೆಫ್ಯೂಟ್’ ಲ್ಯಾಟಿನ್ನಿನ ‘ರೆಫುಟಾರೆ’ಯಿಂದ ಬಂದದ್ದು. ಅಲ್ಲಿ ಅದರ ಅರ್ಥ ಹಿಂದಕ್ಕೆ ಅಟ್ಟು, ತಡೆ, ಹಿಮ್ಮೆಟ್ಟಿಸು. ‘ರೆ’ ಎಂದರೆ ಹಿಂದಕ್ಕೆ. ಉಳಿದ ಭಾಗದ ಬೇರು ಹೊಡೆತಕ್ಕೆ ಸಂಬಂಧಿಸಿದ್ದು ಎಂದು ನಿಘಂಟುಕಾರರು ವಿವರಿಸುತ್ತಾರೆ. ಅದರ ಅಣ್ಣತಮ್ಮನಂಥ ಇನ್ನೊಂದು ಪದ ‘ಕನ್‌ಫ್ಯೂಟ್’. ಎರಡೂ 16ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದವು. ಅದು ಯುರೋಪಿನಲ್ಲಿ ಧರ್ಮಸುಧಾರಣೆಯ ಕಾಲ. ಒಬ್ಬರು ಬರೆದ ಪುಸ್ತಕವನ್ನು ಇನ್ನೊಬ್ಬರು ಪುಸ್ತಕ ಬರೆದೇ ಮುರಿಯುತ್ತಿದ್ದರು. ಆ ವಾತಾವರಣದಲ್ಲಿ ‘ರೆಫ್ಯೂಟ್’ ಎಂಬ ಪದಕ್ಕೆ ವಾದದಿಂದ ಸುಳ್ಳೆಂದು ಸಾಧಿಸುವುದು ಎಂಬ ಅರ್ಥ ಗಟ್ಟಿಯಾಯಿತು. ‘ಬರೀ ನಿರಾಕರಿಸು’ ಎನ್ನುವ ಸಡಿಲ ಅರ್ಥ ಬಹಳ ಮಟ್ಟಿಗೆ 20ನೆಯ ಶತಮಾನದ ಪತ್ರಿಕೆಗಳಲ್ಲಿ ಹಬ್ಬಿದ್ದು. ಇಂದಿನ ಇಂಗ್ಲಿಷ್ ನಿಘಂಟುಗಳು ಎರಡೂ ಅರ್ಥಗಳನ್ನು ಕೊಡುತ್ತವೆ. ಬಳಕೆಯ ಕೈಪಿಡಿಗಳು ಮಾತ್ರ ಎರಡನೆಯದನ್ನು ಕಂಡರೆ ಈಗಲೂ ಹುಬ್ಬು ಗಂಟಿಕ್ಕುತ್ತವೆ.

ಇಲ್ಲಿ ಒಂದು ವಿಷಯ ಸ್ಪಷ್ಟಪಡಿಸಬೇಕು. ‘ಮೂಲಾರ್ಥ ಇದು, ಆದ್ದರಿಂದ ಸರಿಯಾದ ಅರ್ಥವೂ ಇದೇ’ ಎನ್ನುವ ವಾದ ನನ್ನದಲ್ಲ. ಮೂಲವನ್ನೇ ಹಿಡಿದು ಹೋದರೆ ನಾನು ಸೋಲುತ್ತೇನೆ. ಲ್ಯಾಟಿನ್ ಪದದ ಹಳೆಯ ಅರ್ಥ ‘ಹಿಂದಕ್ಕೆ ಅಟ್ಟು’ ಎಂದು ಮಾತ್ರ. ಆಧಾರ ಕೊಟ್ಟು ಅಟ್ಟಬೇಕು ಎಂಬ ಷರತ್ತು ಆ ಬೇರಿನಲ್ಲಿಲ್ಲ. ಆ ಲೆಕ್ಕದಲ್ಲಿ ಕಾರು ಹತ್ತಿದ ಮಂತ್ರಿಗಳೇ ಲ್ಯಾಟಿನ್ನಿಗೆ ಹೆಚ್ಚು ನಿಷ್ಠರು. ಪದದ ಬೇರು ಎಲ್ಲಿತ್ತು ಎನ್ನುವುದು ಪದ ಇಂದು ಯಾವ ಕೆಲಸ ಮಾಡುತ್ತಿದೆ ಎನ್ನುವುದನ್ನು ತೀರ್ಮಾನಿಸುವುದಿಲ್ಲ. ನನ್ನ ಪ್ರಶ್ನೆ ಕೆಲಸದ್ದು. ಒಂದು ಭಾಷೆಯಲ್ಲಿ ಎರಡು ಕೆಲಸಗಳಿಗೆ ಎರಡು ಪದಗಳಿದ್ದವು. ಅವುಗಳಲ್ಲಿ ಒಂದು ಇನ್ನೊಂದರ ಕೆಲಸಕ್ಕೆ ಹೋಗಿಬಿಟ್ಟರೆ ಖಾಲಿಯಾದ ಜಾಗದಲ್ಲಿ ಯಾರು ಕೂರುತ್ತಾರೆ?

ಈ ಎರಡು ಕೆಲಸಗಳ ನಡುವಿನ ಅಂತರ ಸಣ್ಣದಲ್ಲ. ಗಿಲ್ಬರ್ಟ್ ರೈಲ್ ಎಂಬ ತತ್ವಶಾಸ್ತ್ರಜ್ಞ 1949ರ ತನ್ನ ಪ್ರಸಿದ್ಧ ಪುಸ್ತಕದಲ್ಲಿ ಕ್ರಿಯಾಪದಗಳನ್ನು ಎರಡು ಬಗೆಯಾಗಿ ಬೇರ್ಪಡಿಸಿದ. ಕೆಲವು ಪದಗಳು ಪ್ರಯತ್ನವನ್ನು ಹೇಳುತ್ತವೆ, ಕೆಲವು ಸಿದ್ಧಿಯನ್ನು. ಇದು ನಮಗೇನೂ ಹೊಸದಲ್ಲ. ‘ಹುಡುಕಿದ’ ಬೇರೆ, ‘ಕಂಡುಹಿಡಿದ’ ಬೇರೆ. ‘ಓಡಿದಳು’ ಬೇರೆ, ‘ಗೆದ್ದಳು’ ಬೇರೆ. ಕಳೆದುಹೋದ ಕೀಲಿಕೈಯನ್ನು ಯಾರು ಬೇಕಾದರೂ ದಿನವಿಡೀ ಹುಡುಕಬಹುದು, ಆದರೆ ಅದು ಕೈಗೆ ಸಿಗದೆ ‘ಕಂಡುಹಿಡಿದೆ’ ಎನ್ನುವಂತಿಲ್ಲ. ‘ಡಿನೈ’ ಹುಡುಕುವ ಸಾಲಿನ ಪದ, ಬಾಯಿದ್ದವರೆಲ್ಲ ಮಾಡಬಹುದು. ‘ರೆಫ್ಯೂಟ್’ ಕಂಡುಹಿಡಿಯುವ ಸಾಲಿನದು. ಎದುರಿನ ಮಾತು ನಿಜವಾಗಿ ಮುರಿದುಬಿದ್ದಿದ್ದರೆ ಮಾತ್ರ ಬಳಸಬಹುದು.

‘ಬಳಕೆಯೇ ಭಾಷೆ, ಜನ ಹೇಗೆ ಬಳಸುತ್ತಾರೋ ಅದೇ ಸರಿ’ ಎನ್ನುವವರಿಗೆ ನನ್ನದೊಂದು ಸಣ್ಣ ಪ್ರಶ್ನೆ. ಇಂಗ್ಲಿಷಿನಲ್ಲಿ ‘ಇರ್‌ರೆಫ್ಯೂಟಬಲ್’ ಎಂಬ ವಿಶೇಷಣವಿದೆ. ಗಟ್ಟಿ ಸಾಕ್ಷ್ಯಕ್ಕೆ, ಮುರಿಯಲಾಗದ ವಾದಕ್ಕೆ ಅದನ್ನು ಹೇಳುತ್ತಾರೆ. ‘ರೆಫ್ಯೂಟ್’ ಎಂದರೆ ಬರೀ ಇಲ್ಲ ಎನ್ನುವುದಾಗಿದ್ದರೆ ಜಗತ್ತಿನಲ್ಲಿ ಆ ವಿಶೇಷಣಕ್ಕೆ ಅರ್ಹವಾದದ್ದು ಒಂದೂ ಇರುತ್ತಿರಲಿಲ್ಲ. ಎರಡಕ್ಕೆ ಎರಡು ಸೇರಿಸಿದರೆ ನಾಲ್ಕು ಎನ್ನುವುದನ್ನೂ ಇಲ್ಲ ಎನ್ನಬಹುದಲ್ಲ! ಜನರ ಬಳಕೆಯಲ್ಲೇ ಆ ಕಟ್ಟುನಿಟ್ಟಿನ ಅರ್ಥ ಇನ್ನೂ ಉಸಿರಾಡುತ್ತಿದೆ. ಕ್ರಿಯಾಪದ ಸಡಿಲವಾದಲ್ಲೂ ವಿಶೇಷಣ ಬಿಗಿಯಾಗಿ ನಿಂತಿದೆ. ಹಾಗಾಗಿ ಬಳಕೆಯ ಹೆಸರಿನಲ್ಲಿ ನನ್ನ ಬಾಯಿ ಮುಚ್ಚಿಸಲಾಗದು. ಬಳಕೆಯೂ ಇಲ್ಲಿ ನನ್ನ ಪರ ಅರ್ಧ ಸಾಕ್ಷಿ ಹೇಳುತ್ತದೆ.

ಈಗ ನಮ್ಮ ಮನೆಗೆ ಬರೋಣ.

‘ರೆಫ್ಯೂಟ್’ ಎಂಬುದಕ್ಕೆ ಕನ್ನಡದಲ್ಲಿ ಏನನ್ನುತ್ತೀರಿ ಎಂದು ಕೇಳಿದರೆ ನಾವು ಸಾಮಾನ್ಯವಾಗಿ ಹೇಳುವ ಪದಗಳು ಇವು: ಅಲ್ಲಗಳೆ, ನಿರಾಕರಿಸು, ತಳ್ಳಿಹಾಕು, ಖಂಡಿಸು. ಒಂದೊಂದನ್ನೇ ತೂಗಿ ನೋಡಿ. ‘ಅಲ್ಲಗಳೆ’ ಎಂದರೆ ಅಲ್ಲ ಎಂದು ಹೇಳಿ ಕಳೆ. ಹೇಳಿದರೆ ಸಾಕು, ತೋರಿಸಬೇಕಿಲ್ಲ. ‘ನಿರಾಕರಿಸು’ ಮದುವೆಯ ಪ್ರಸ್ತಾಪಕ್ಕೂ ನಡೆಯುತ್ತದೆ, ಇನ್ನೊಂದು ಹೋಳಿಗೆಗೂ ನಡೆಯುತ್ತದೆ. ‘ತಳ್ಳಿಹಾಕು’ ಎನ್ನುವುದಕ್ಕೆ ತೋಳ್ಬಲವಿದ್ದರೆ ಸಾಕು. ಉಳಿದದ್ದು ‘ಖಂಡಿಸು’.

‘ಖಂಡ’ ಎಂದರೆ ತುಂಡು. ಖಂಡನೆ ಎಂದರೆ ತುಂಡರಿಸುವುದು. ಶಾಸ್ತ್ರದ ಪರಿಭಾಷೆಯಲ್ಲಿ ಇದು ಎದುರಾಳಿಯ ವಾದವನ್ನು ಬಿಡಿಬಿಡಿಯಾಗಿ ಕತ್ತರಿಸಿ, ಯಾವ ತುಂಡು ಯಾಕೆ ನಿಲ್ಲುವುದಿಲ್ಲ ಎಂದು ತೋರಿಸುವ ಕೆಲಸದ ಹೆಸರು. 12ನೆಯ ಶತಮಾನದ ಶ್ರೀಹರ್ಷನ ತರ್ಕಗ್ರಂಥದ ಹೆಸರೇ ‘ಖಂಡನಖಂಡಖಾದ್ಯ’. ನಮ್ಮ ಕರಾವಳಿಯ ಮಧ್ವಾಚಾರ್ಯರ ಮೂರು ಚಿಕ್ಕ ಗ್ರಂಥಗಳನ್ನು ಒಟ್ಟಿಗೆ ‘ಖಂಡನತ್ರಯ’ ಎನ್ನುತ್ತಾರೆ. ಅಂದರೆ ‘ರೆಫ್ಯೂಟ್’ ಎಂಬುದಕ್ಕೆ ಸರಿಸಮನಾದ, ಬಹುಶಃ ಅದಕ್ಕಿಂತ ಚೊಕ್ಕವಾದ ಪದ ನಮ್ಮ ಬಳಿ ಇತ್ತು.

ಇಂದು ಅದೇ ಪದ ಏನು ಮಾಡುತ್ತಿದೆ? ‘ಬೆಲೆ ಏರಿಕೆ ಖಂಡಿಸಿ ಪ್ರತಿಭಟನೆ.’ ‘ಹೇಳಿಕೆ ಖಂಡಿಸಿ ರಸ್ತೆ ತಡೆ.’ ‘ಖಂಡನಾ ನಿರ್ಣಯ ಅಂಗೀಕಾರ.’ ಬೆಲೆ ಏರಿಕೆಯನ್ನು ಯಾವ ತಾರ್ಕಿಕನೂ ಹಳೆಯ ಅರ್ಥದಲ್ಲಿ ಖಂಡಿಸಲಾರ, ಏಕೆಂದರೆ ಅದು ವಾದವಲ್ಲ; ಈರುಳ್ಳಿ ಅಂಗಡಿಯ ಸತ್ಯ. ಇಂದಿನ ಕನ್ನಡದಲ್ಲಿ ‘ಖಂಡಿಸು’ ಎಂದರೆ ಸಿಟ್ಟಿನಿಂದ ತಪ್ಪೆನ್ನು, ಛೀಮಾರಿ ಹಾಕು. ತಮಾಷೆಯೆಂದರೆ ಅದರ ನೆಂಟರೆಲ್ಲ ಗಟ್ಟಿತನಕ್ಕೇ ಹೆಸರಾಗಿದ್ದಾರೆ. ‘ಖಂಡಿತ’ ಎಂದರೆ ನಿಶ್ಚಯ. ‘ಖಂಡತುಂಡವಾಗಿ’ ಎಂದರೆ ಎರಡು ಮಾತಿಲ್ಲದೆ. ಹಾಗಾಗಿ ‘ಖಂಡತುಂಡವಾಗಿ ನಿರಾಕರಿಸಿದರು’ ಎಂದು ನಾವು ಬರೆಯುತ್ತೇವೆ. ಯಾವುದೂ ತುಂಡಾಗಿರುವುದಿಲ್ಲ, ದನಿ ಮಾತ್ರ ಜೋರಾಗಿರುತ್ತದೆ.

ಇಂಗ್ಲಿಷಿನಲ್ಲಿ ಸಾಧಿಸುವ ಪದ ಜಾರಿ ‘ಇಲ್ಲ ಎನ್ನು’ ಎಂಬಲ್ಲಿಗೆ ಬಂತು. ಕನ್ನಡದಲ್ಲಿ ಅದು ಇನ್ನೂ ಒಂದು ಮೆಟ್ಟಿಲು ಕೆಳಗಿಳಿದು ‘ಬೈಯಿ’ ಎಂಬಲ್ಲಿ ಕೂತಿದೆ. ಅಲ್ಲಿ ಕೊನೆಯ ಪಕ್ಷ ಕೈಪಿಡಿಗಳು ತಕರಾರು ಎತ್ತುತ್ತಿವೆ. ಇಲ್ಲಿ ಯಾರೂ ಕೇಳುತ್ತಿಲ್ಲ.

ಪದವೊಂದು ಬದಲಾದರೆ ಆಕಾಶವೇನು ಕಳಚಿ ಬೀಳುತ್ತದೆ ಎನ್ನಬಹುದು. ಬೀಳುವುದನ್ನು ನಾನು ಸೆಮಿನಾರುಗಳಲ್ಲಿ ನೋಡಿದ್ದೇನೆ. ಒಂದು ವಿಚಾರ ಸಂಕಿರಣದಲ್ಲಿ ನಾನು ಒಂದು ಹಸ್ತಪ್ರತಿಯ ಕಾಲದ ಬಗ್ಗೆ ಪ್ರಬಂಧ ಮಂಡಿಸಿದೆ. ಅದರಲ್ಲಿ ಮೂರು ಹೆಜ್ಜೆಗಳಿದ್ದವು: ಅಕ್ಷರದ ರೂಪ, ಎರಡು ವಿಭಕ್ತಿ ಪ್ರತ್ಯಯಗಳ ಬಳಕೆ, ಒಂದು ಎರವಲು ಪದ. ಚರ್ಚೆಯ ಹೊತ್ತಿಗೆ ಹಿರಿಯರೊಬ್ಬರು ಎದ್ದು, ‘ಈ ನಿಲುವನ್ನು ನಾನು ಸಂಪೂರ್ಣವಾಗಿ ಖಂಡಿಸುತ್ತೇನೆ’ ಎಂದರು. ನನಗೆ ನಿಜಕ್ಕೂ ಖುಷಿಯಾಯಿತು. ‘ಸರ್, ಮೂರರಲ್ಲಿ ಯಾವುದು ನಿಲ್ಲುವುದಿಲ್ಲ?’ ಎಂದು ಕೇಳಿದೆ. ‘ನಿಮ್ಮ ವಯಸ್ಸೆಷ್ಟು?’ ಎಂಬ ಉತ್ತರ ಬಂತು. ಸಭೆ ನಕ್ಕಿತು, ಅಧ್ಯಕ್ಷರು ಸಮಯ ಮೀರಿತೆಂದರು, ಚಹಾ ಬಂತು. ನನ್ನ ಮೂರು ಹೆಜ್ಜೆಗಳಲ್ಲಿ ಒಂದನ್ನೂ ಯಾರೂ ಮುಟ್ಟಲಿಲ್ಲ. ಆದರೂ ಹೊರಗೆ ಬಂದಾಗ ಅದು ‘ಖಂಡನೆಗೊಳಗಾದ ಪ್ರಬಂಧ’ ಆಗಿತ್ತು.

ಪದ ಜಾರುವುದರ ಪರಿಣಾಮ ಇದೇ. ಖಂಡನೆ ಎಂದರೆ ಬೈಗುಳ ಎಂದಾದಾಗ ಬೈಯಲು ಯಾರಿಗೆ ಅಧಿಕಾರವಿದೆಯೋ ಅವರ ಮಾತೇ ಕೊನೆಯದಾಗುತ್ತದೆ. ಖಂಡನೆ ಎಂದರೆ ತುಂಡರಿಸಿ ತೋರಿಸುವುದು ಎಂದಾದರೆ ಅಧಿಕಾರಕ್ಕೆ ಕೆಲಸವಿಲ್ಲ, ಎಂ.ಎ. ಮೊದಲ ವರ್ಷದ ಹುಡುಗಿಯೊಬ್ಬಳು ನಿವೃತ್ತ ಪ್ರಾಧ್ಯಾಪಕರ ಮಾತನ್ನು ಮುರಿಯಬಹುದು, ಅವರೂ ಅವಳದನ್ನು ಮುರಿಯಬಹುದು. ನಮ್ಮಂಥವರಿಗೆ ಇದು ಜೀವನ್ಮರಣದ ಪ್ರಶ್ನೆ. ಆಧಾರವೊಂದನ್ನು ಬಿಟ್ಟರೆ ನಮ್ಮ ಕೈಯಲ್ಲಿ ಬೇರೆ ಯಾವ ಬಲವೂ ಇಲ್ಲ.

ನ್ಯಾಯಸೂತ್ರದಲ್ಲಿ ಚರ್ಚೆಯನ್ನು ವಾದ, ಜಲ್ಪ, ವಿತಂಡ ಎಂದು ಮೂರಾಗಿ ವಿಂಗಡಿಸಿದ್ದಾರೆ. ವಾದ ಸತ್ಯ ತಿಳಿಯಲು, ಜಲ್ಪ ಗೆಲ್ಲಲು; ವಿತಂಡ ತನ್ನದೇನನ್ನೂ ಸ್ಥಾಪಿಸದೆ ಬರೀ ಎದುರಿನವರದನ್ನು ಕೆಡವಲು. ನಮ್ಮ ದಿನಬಳಕೆಯಲ್ಲಿ ‘ವಿತಂಡವಾದ’ ಮಾತ್ರ ಚೆನ್ನಾಗಿ ಉಳಿದುಕೊಂಡಿದೆ. ‘ವಾದ’ವೆಂಬುದು ಮಕ್ಕಳಿಗೆ ‘ಎದುರು ವಾದಿಸಬೇಡ’ ಎಂದು ಗದರುವಾಗ ನೆನಪಾಗುತ್ತದೆ. ಅದೇ ಗ್ರಂಥ ಸೋಲಿನ 22 ಬಗೆಗಳನ್ನು, ಅಂದರೆ ನಿಗ್ರಹಸ್ಥಾನಗಳನ್ನು ಪಟ್ಟಿಮಾಡುತ್ತದೆ. ಮಾತಿನ ಮಧ್ಯೆ ತನ್ನ ಪ್ರತಿಜ್ಞೆಯನ್ನೇ ಬದಲಿಸಿದರೆ ಸೋತಂತೆ. ಸಂಬಂಧವಿಲ್ಲದ ವಿಷಯ ಎತ್ತಿದರೆ ಸೋತಂತೆ. ಎದುರಾಳಿಯ ಮಾತನ್ನು ಸಭೆ ಅರ್ಥಮಾಡಿಕೊಂಡ ಮೇಲೂ, ಮೂರು ಸಲ ಹೇಳಿದ ಮೇಲೂ ಅದನ್ನು ತಿರುಗಿ ಹೇಳಲಾಗದಿದ್ದರೆ ಸೋತಂತೆ. ‘ನನಗೆ ಬೇರೆ ಕೆಲಸವಿದೆ’ ಎಂದು ಎದ್ದು ಹೋದರೂ ಸೋತಂತೆ. ಅದಕ್ಕೆ ‘ವಿಕ್ಷೇಪ’ ಎಂಬ ಹೆಸರೇ ಇದೆ. ಎದುರಾಳಿಯ ವಯಸ್ಸು ಕೇಳಿ ಗೆಲ್ಲುವ ದಾರಿ ಮಾತ್ರ ಆ ಶಾಸ್ತ್ರದಲ್ಲಿಲ್ಲ.

ವಿಜಯನಗರದ ಕಾಲದ ವ್ಯಾಸತೀರ್ಥರು ‘ನ್ಯಾಯಾಮೃತ’ ಬರೆದು ಅದ್ವೈತದ ವಾದಗಳನ್ನು ಒಂದೊಂದಾಗಿ ಎತ್ತಿಕೊಂಡರು. ಅದಕ್ಕೆ ಮಧುಸೂದನ ಸರಸ್ವತಿ ‘ಅದ್ವೈತಸಿದ್ಧಿ’ ಬರೆದು ಉತ್ತರಿಸಿದರು. ಅದಕ್ಕೆ ರಾಮಾಚಾರ್ಯರ ‘ತರಂಗಿಣಿ’ ಬಂತು, ಅದಕ್ಕೂ ಆ ಕಡೆಯಿಂದ ಉತ್ತರ ಬಂತು. ಈ ಸರಣಿಯಲ್ಲಿ ಯಾರು ಗೆದ್ದರು ಎಂದು ಹೇಳುವ ಅಧಿಕಾರ ನನಗಿಲ್ಲ, ಯಾವ ಪಕ್ಷದ ವಕಾಲತ್ತೂ ನನ್ನದಲ್ಲ. ನಾನು ನೋಡುವುದು ಪದ್ಧತಿಯನ್ನು: ಎದುರಾಳಿ ಏನು ಹೇಳಿದ ಎನ್ನುವುದನ್ನು ಪೂರ್ವಪಕ್ಷವಾಗಿ ಮೊದಲು ಮಂಡಿಸಬೇಕು, ಆಮೇಲೆ ಕೈಯಿಡಬೇಕು.

ಹಾಗೆಂದು ಆ ಲೋಕವನ್ನು ಸ್ವರ್ಗವೆಂದು ಬಣ್ಣಿಸುವ ಮರುಳು ನನಗಿಲ್ಲ. ಆ ಗ್ರಂಥಗಳಲ್ಲೂ ಕಟು ಮಾತುಗಳಿವೆ. ಅದಕ್ಕಿಂತ ಮುಖ್ಯವಾಗಿ, ಆ ಸಭೆಯಲ್ಲಿ ಯಾರು ಕೂರಬಹುದು ಎನ್ನುವುದನ್ನು ಜಾತಿಯೂ ಲಿಂಗವೂ ಮೊದಲೇ ತೀರ್ಮಾನಿಸಿದ್ದವು. ಅಲ್ಲಿನ ನಿಯಮ ಒಳ್ಳೆಯದಿತ್ತು, ಬಾಗಿಲು ಕಿರಿದಾಗಿತ್ತು. ನಮ್ಮ ಕಾಲ ಬಹಳ ಹೋರಾಡಿ ಬಾಗಿಲನ್ನು ಒಂದಿಷ್ಟು ಅಗಲ ಮಾಡಿತು. ಆದರೆ ಹೊಸಬರು ಒಳಗೆ ಬರುವ ಹೊತ್ತಿಗೆ ಸರಿಯಾಗಿ ನಿಯಮವನ್ನು ಎತ್ತಿ ಆಚೆಗೆಸೆಯಲಾಗಿದೆ. ನನಗೆ ಸಿಟ್ಟು ಬರುವುದು ಇಲ್ಲಿ.

ಸಾಹಿತ್ಯದವರಿಗೆ ಇದೆಲ್ಲ ಯಾಕೆ, ತರ್ಕ ವಿಜ್ಞಾನದವರಿಗಿರಲಿ ಎನ್ನುವವರೂ ಇದ್ದಾರೆ. ಜಗತ್ತಿನ ದೊಡ್ಡ ಖಂಡನೆಗಳಲ್ಲಿ ಒಂದನ್ನು ಮಾಡಿದ್ದು ಭಾಷೆ ಬಲ್ಲವನೊಬ್ಬ. ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ 4ನೆಯ ಶತಮಾನದಲ್ಲಿ ಪಶ್ಚಿಮದ ರಾಜ್ಯಾಧಿಕಾರವನ್ನು ಪೋಪರಿಗೆ ಬರೆದುಕೊಟ್ಟ ಎಂಬ ದಾನಪತ್ರವೊಂದಿತ್ತು. 1440ರಲ್ಲಿ ಲೊರೆಂಜೊ ವಲ್ಲಾ ಅದು ನಕಲಿ ಎಂದು ತೋರಿಸಿದ. ಅವನ ಆಯುಧಗಳಲ್ಲಿ ಒಂದು ಪದಪರೀಕ್ಷೆ: ರೋಮಿನ ಅಧಿಕಾರಿಗಳನ್ನು ಆ ಪತ್ರ ‘ಸತ್ರಪ’ರೆಂದು ಕರೆಯುತ್ತದೆ, ಕಾನ್‌ಸ್ಟಂಟೈನನ ಕಾಲದಲ್ಲಿ ಯಾರೂ ಹಾಗೆ ಕರೆಯುತ್ತಿರಲಿಲ್ಲ. ವಲ್ಲಾ ಪೋಪರನ್ನು ಬೈದದ್ದೂ ಉಂಟು. ಆದರೆ ಪತ್ರ ಬಿದ್ದದ್ದು ಬೈಗುಳದಿಂದಲ್ಲ, ಇಂಥ ಪದಗಳಿಂದ.

ನಮ್ಮಲ್ಲೂ ಇಂಥದ್ದಿದೆ. 1898ರಲ್ಲಿ ಕೆ.ಬಿ. ಪಾಠಕರು ‘ಕವಿರಾಜಮಾರ್ಗ’ವನ್ನು ಸಂಪಾದಿಸಿ ಪ್ರಕಟಿಸಿದಾಗ ಅದರ ಕರ್ತೃ ರಾಷ್ಟ್ರಕೂಟ ದೊರೆ ನೃಪತುಂಗ ಎಂದೇ ತಿಳಿಯಲಾಗಿತ್ತು. ಮುಂದಿನ ವಿದ್ವಾಂಸರು ಗ್ರಂಥದ ಒಳಗಿನ ಮಾತನ್ನೇ ಹಿಡಿದು ಪ್ರಶ್ನೆ ಎತ್ತಿದರು: ಕೃತಿ ನೃಪತುಂಗನಿಗೆ ‘ಅನುಮತ’ವಾದದ್ದು ಎಂದಿದ್ದರೆ ಬರೆದವನು ಬೇರೊಬ್ಬನಿರಬೇಕಲ್ಲವೇ? ದುರ್ಗಸಿಂಹ ತನ್ನ ‘ಪಂಚತಂತ್ರ’ದಲ್ಲಿ ಶ್ರೀವಿಜಯನ ಕವಿಮಾರ್ಗವನ್ನು ನೆನೆಯುವುದನ್ನು ಜೊತೆಗಿಟ್ಟರು. ಇಂದು ಹೆಚ್ಚಿನವರು ಶ್ರೀವಿಜಯನ ಹೆಸರನ್ನು ಹೇಳುತ್ತಾರೆ. ಯಾರೂ ನೃಪತುಂಗನ ವಿರುದ್ಧ ಧಿಕ್ಕಾರ ಕೂಗಲಿಲ್ಲ, ಪಾಠಕರ ಪ್ರತಿಕೃತಿ ಸುಡಲಿಲ್ಲ. ಪಾಠಕರು ಗ್ರಂಥವನ್ನು ಕೈಗೆ ಕೊಟ್ಟಿದ್ದರಿಂದಲೇ ಆ ಪ್ರಶ್ನೆ ಸಾಧ್ಯವಾಯಿತು. ಹಳೆಯ ಅರ್ಥದ ಖಂಡನೆಯಲ್ಲಿ ಇಂಥದೊಂದು ಗೌರವ ಅಡಗಿದೆ: ನಿನ್ನ ಮಾತು ಮುರಿಯುವಷ್ಟು ಗಟ್ಟಿಯಾಗಿದೆ ಎಂದು ಒಪ್ಪಿಕೊಂಡೇ ಅದನ್ನು ಮುರಿಯಬೇಕಾಗುತ್ತದೆ.

ಈಗ ನಮ್ಮ ವಯಸ್ಸಿನವರಲ್ಲಿ ‘ಡಿಬಂಕ್’ ಎಂಬ ಪದ ಹೆಚ್ಚು ಓಡಾಡುತ್ತಿದೆ. ಅದರ ಹುಟ್ಟೂ ಸೊಗಸಾಗಿದೆ. 1820ರಲ್ಲಿ ಅಮೆರಿಕದ ಸಂಸತ್ತಿನಲ್ಲಿ ಫೆಲಿಕ್ಸ್ ವಾಕರ್ ಎಂಬ ಸದಸ್ಯ ಮಿಸೌರಿಯ ಚರ್ಚೆಯ ನಡುವೆ ಎದ್ದು, ತನ್ನ ಕ್ಷೇತ್ರದ ಬನ್‌ಕಂಬ್ ಕೌಂಟಿಗಾಗಿ ಮಾತಾಡಲೇಬೇಕೆಂದು ಹಟ ಹಿಡಿದ. ಅಲ್ಲಿಂದ ಪೊಳ್ಳುಮಾತಿಗೆ ‘ಬನ್‌ಕಂಬ್’ ಎಂದೂ, ಚಿಕ್ಕದಾಗಿ ‘ಬಂಕ್’ ಎಂದೂ ಹೆಸರಾಯಿತು. 1923ರಲ್ಲಿ ವಿಲಿಯಂ ವುಡ್‌ವರ್ಡ್ ತನ್ನ ಕಾದಂಬರಿಯಲ್ಲಿ ಆ ಪೊಳ್ಳನ್ನು ತೆಗೆಯುವುದಕ್ಕೆ ‘ಡಿಬಂಕ್’ ಎಂಬ ಪದ ಹುಟ್ಟಿಸಿದ. ವಾಟ್ಸ್ಯಾಪಿನ ಸುಳ್ಳುಗಳಿಗೆ ಈ ಪದ ಸರಿ, ಆ ಕೆಲಸವೂ ಬೇಕು. ಆದರೆ ‘ಡಿಬಂಕ್’ ಶುರುವಾಗುವುದೇ ಎದುರಿನದು ಪೊಳ್ಳು ಎಂಬ ತೀರ್ಪಿನಿಂದ. ಗಂಭೀರವಾಗಿ ಯೋಚಿಸಿ ತಪ್ಪಿದವರ ಜೊತೆ ಮಾತಾಡಲು ಅದು ಸಾಲದು.

‘ಹಾಗಾದರೆ ಅನ್ಯಾಯವನ್ನು ಖಂಡಿಸಬಾರದೇ?’ ಎಂದು ಗೆಳೆಯರು ಕೇಳುತ್ತಾರೆ. ಖಂಡಿತ ಖಂಡಿಸಬೇಕು. ಮರ್ಯಾದೆಗೇಡು ಹತ್ಯೆಗೆ, ಮಲದ ಗುಂಡಿಯ ಸಾವಿಗೆ ತರ್ಕದ ಉತ್ತರ ಕೊಡುತ್ತಾ ಕೂರಲಾಗದು. ಅಲ್ಲಿ ಸಿಟ್ಟೇ ಸರಿಯಾದ ಮಾತು. ಕೃತ್ಯಕ್ಕೆ ಧಿಕ್ಕಾರ ಬೇಕು, ಹೇಳಿಕೆಗೆ ಉತ್ತರ ಬೇಕು. ನಾವು ಹೇಳಿಕೆಗೂ ಧಿಕ್ಕಾರವನ್ನೇ ಕೊಟ್ಟು ಸುಮ್ಮನಾದರೆ ಆ ಹೇಳಿಕೆ ಮುಟ್ಟಿಸಿಕೊಳ್ಳದೆ ಹಾಗೇ ಉಳಿಯುತ್ತದೆ. ಸುಳ್ಳು ಇತಿಹಾಸ ಹೇಳುವವರಿಗೆ ನಮ್ಮ ಖಂಡನಾ ಸಭೆಗಳಿಂದ ಒಂದು ಕೂದಲೂ ಕೊಂಕುವುದಿಲ್ಲ. ಅವರ ಶಾಸನದ ಓದು ಎಲ್ಲಿ ತಪ್ಪಿದೆ ಎಂದು ಸಾಲು ಹಿಡಿದು ತೋರಿಸಿದರೆ ಕೊಂಕುತ್ತದೆ.

‘ಖಂಡಿಸು’ ಎಂಬುದನ್ನು ಹಿಂದಕ್ಕೆ ತರಲಾಗದು ಎಂದು ನನಗೂ ಗೊತ್ತು. ಪತ್ರಿಕೆಗಳೂ ಪ್ರತಿಭಟನೆಯ ಬ್ಯಾನರುಗಳೂ ಅದನ್ನು ತಮ್ಮದಾಗಿಸಿಕೊಂಡಿವೆ, ಇರಲಿ. ಖಾಲಿ ಜಾಗಕ್ಕೆ ಬೇರೆ ಪದ ಕೂರಿಸೋಣ. ಶಾಸ್ತ್ರದ ‘ನಿರಸನ’ ಇದೆ. ಪ್ರಬಂಧಕ್ಕೆ ಆದೀತು, ಬಾಯಿಗೆ ಭಾರ. ನನ್ನ ಆಯ್ಕೆ ‘ತಪ್ಪೆಂದು ತೋರಿಸು’. ಎರಡು ಪದವಾದರೂ ಅದರಲ್ಲಿ ಮೋಸ ಮಾಡಲಾಗದು. ‘ಮಂತ್ರಿಗಳು ಆರೋಪ ತಪ್ಪೆಂದು ತೋರಿಸಿದರು’ ಎಂದು ಬರೆಯಲು ಹೊರಟ ವರದಿಗಾರರ ಕೈ ತಾನಾಗಿಯೇ ನಿಲ್ಲುತ್ತದೆ. ತೋರಿಸಿದ್ದೇನು? ಏನೂ ಇಲ್ಲದಿದ್ದರೆ ‘ಸುಳ್ಳು ಎಂದರು’ ಎಂದಷ್ಟೇ ಬರೆಯಬೇಕಾಗುತ್ತದೆ. ಸೆಮಿನಾರಿನಲ್ಲೂ ಹಾಗೆಯೇ. ‘ಒಪ್ಪುವುದಿಲ್ಲ’ ಎನ್ನಲು ಎಲ್ಲರಿಗೂ ಹಕ್ಕಿದೆ, ‘ತಪ್ಪೆಂದು ತೋರಿಸುತ್ತೇನೆ’ ಎಂದವರು ಮಾತ್ರ ಕಪ್ಪುಹಲಗೆಯ ಹತ್ತಿರ ಬರಬೇಕು.

ಈ ಬರಹಕ್ಕೂ ಅದೇ ನಿಯಮ ಅನ್ವಯಿಸಲಿ. ಇದನ್ನು ಮುರಿಯಲು ಮೂರು ಕಡೆ ಕೈಯಿಡಬಹುದು. ಒಂದು, ಸಾಧಿಸುವುದಕ್ಕೂ ನಿರಾಕರಿಸುವುದಕ್ಕೂ ಬೇರೆ ಪದಗಳಿಲ್ಲದೆಯೇ ಅವೆರಡನ್ನು ಚೆನ್ನಾಗಿ ಬೇರ್ಪಡಿಸಿಕೊಂಡು ಬದುಕಿದ ಚರ್ಚಾಲೋಕವೊಂದನ್ನು ತೋರಿಸಿ. ಎರಡು, ‘ಖಂಡಿಸು’ ಎಂಬುದು ಇಂದಿನ ಕನ್ನಡದ ಸಾಮಾನ್ಯ ಬರಹದಲ್ಲಿ ಹಳೆಯ ಅರ್ಥದಲ್ಲೇ ಧಾರಾಳವಾಗಿ ಉಳಿದಿದೆ ಎಂದು ಉದಾಹರಣೆ ಕೊಡಿ. ಮೂರು, ನಮ್ಮ ಸೆಮಿನಾರುಗಳ ರೋಗಕ್ಕೆ ಪದ ಕಾರಣವಲ್ಲ, ಬರೀ ಅಧಿಕಾರ ಕಾರಣ, ಪದ ಅದರ ನೆರಳು ಮಾತ್ರ ಎಂದು ಸಾಧಿಸಿ. ಮೂರನೆಯದೇ ನನ್ನ ಅತ್ಯಂತ ತೆಳುವಾದ ಜಾಗ. ಅಲ್ಲಿಂದ ಶುರುಮಾಡಿ.